ನಗಿಸುವವರಿಲ್ಲದ ಓಣಿ

ಯಾವ ಹೊಸ ಊರಿಗೆ ಹೋದರೂ, ನಾವು ಇಳಿದುಕೊಳ್ಳಬೇಕಾದ ಓಣಿಯ ಬಾಯಲ್ಲಿ ನಾನು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತೇನೆ. ನನ್ನ ಮಕ್ಕಳಿಗೆ ಇದು ನಾಚಿಕೆಯ ಸಂಗತಿ. ಆಟೋದವನು, ‘ಅಜ್ಜಿಗಿ ಚಕ್ಕರ್ ಬಂತೇನ್ರಿ?’ ಎಂದು ಕೇಳುತ್ತಾನೆ. ಮಗಳು, ‘ಇಲ್ಲಪ್ಪಾ, ಆಕಿ ಓಣಿ ನೋಡ್ಲಿಕತ್ತಾಳ’ ಎನ್ನುತ್ತಾಳೆ. ಕಣ್ಣು ಮುಚ್ಚಿಕೊಂಡು ನೋಡುವುದು ಹೇಗೆ ಎಂದು ಅವನು ಮುಂದೆ ಕೇಳುವುದಿಲ್ಲ; ಬಾಡಿಗೆ ಇಸಿದುಕೊಂಡು ಬೇಗ ಹೊರಟುಬಿಡುತ್ತಾನೆ.

ಈ ಅಭ್ಯಾಸ ನನ್ನ ಸ್ವಂತದ್ದಲ್ಲ, ಅತ್ತೆಯಿಂದ ಬಂದದ್ದು. ಅವರಿಂದ ನನಗೆ ಒಂದು ಹಿತ್ತಾಳೆಯ ಬೋಗುಣಿಯೂ ಬಂದಿತ್ತು. ಬೋಗುಣಿ ತೂತಾಗಿ ಹೋಯಿತು. ಅಭ್ಯಾಸ ಇನ್ನೂ ಗಟ್ಟಿಯಾಗಿದೆ.

ನನ್ನದೇ ತಲೆ ಓಡಿಸಿ ನಾನು ಓಣಿ ಆರಿಸಿದ್ದು ಒಮ್ಮೆ ಮಾತ್ರ, ಚಿತ್ತಾಪುರದಲ್ಲಿ. ನಮ್ಮ ಮನೆಯವರಿಗೆ ಅಲ್ಲಿಯ ತಹಶೀಲ್ ಕಚೇರಿಯಲ್ಲಿ ಕೆಲಸ. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಎದುರು ಮನೆಯ ಗೋಡೆಗೆ ಮಲ್ಲಿಗೆ ಬಳ್ಳಿ ಹಬ್ಬಿತ್ತು. ನಾನು ಬಳ್ಳಿ ನೋಡಿ ಮನೆ ಒಪ್ಪಿದೆ. ಬಳ್ಳಿಯ ಒಡೆಯ ಪೈಲ್ವಾನನೆಂಬುದು ಮರುದಿನ ನಸುಕಿನಲ್ಲಿ ತಿಳಿಯಿತು. ಅವನು ದಿನಾ ಆ ಬಳ್ಳಿಯ ಬುಡದಲ್ಲಿ ಬೈಠಕ್ ಹೊಡೆಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದ. ನೂರರ ಮುಂದೆ ಅವನಿಗೆ ಬರುತ್ತಿರಲಿಲ್ಲವಾದ್ದರಿಂದ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ನಮ್ಮ ಮೊದಲ ಮಗಳು ಅಪ್ಪ ಅಮ್ಮ ಎನ್ನುವ ಮೊದಲು ಎಣಿಸಲು ಕಲಿತಳು. ಮಲ್ಲಿಗೆ ಹೂ ಮಾತ್ರ ಅವನ ಹೆಂಡತಿ ಒಂದೂ ಕೊಡಲಿಲ್ಲ.

ಇದರಲ್ಲಿ ನನ್ನ ತಪ್ಪು ಅಷ್ಟೇನಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುವುದುಂಟು. ನಾನು ಸೇಡಂನಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ನಮ್ಮ ಓಣಿಯನ್ನು ಯಾರೂ ಆರಿಸಿಕೊಂಡಿರಲಿಲ್ಲ. ಅಪ್ಪ ಅಮ್ಮನ ಹಾಗೆ ಅದೂ ನಾವು ಹುಟ್ಟುವ ಮೊದಲೇ ಇತ್ತು. ಮುಂಜಾನೆ ಎದ್ದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ. ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ, ‘ಶಿವಮ್ಮನ ಮನಿಗಿ ಬೀಗರು ಬಂದಾರ, ರೊಟ್ಟಿ ಇನ್ನಾ ಬಡೀಲಿಕತ್ತಾಳ’ ಎನ್ನುತ್ತಿದ್ದಳು. ಹೋಗಿ ನೋಡಿದರೆ ಬೀಗರು ಬಂದೇ ಇರುತ್ತಿದ್ದರು. ವಾಡಿಯಲ್ಲಿದ್ದ ನನ್ನ ಚಿಕ್ಕಮ್ಮನದು ಇನ್ನೊಂದು ತರಹ. ಆಕೆಯ ಮನೆ ಜಂಕ್ಷನ್ನಿನ ಹಳಿಗೆ ಅಂಟಿಕೊಂಡೇ ಇತ್ತು. ರೈಲು ಹೋಗುವಾಗ ಆಕೆ ಅರ್ಧ ಮಾತಿಗೆ ನಿಲ್ಲಿಸುತ್ತಿದ್ದಳು. ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಗೂಡ್ಸ್ ಗಾಡಿ ಬಂದರೆ ನಾವು ಬಹಳ ಹೊತ್ತು ಒಬ್ಬರ ಮುಖ ಒಬ್ಬರು ನೋಡುತ್ತ ಕೂಡಬೇಕಾಗುತ್ತಿತ್ತು. ಅತ್ಯಂತ ಸಮಾಧಾನದ ಹೆಂಗಸು ಎಂದು ಆಕೆಗೆ ಹೆಸರಿತ್ತು.

ಅತ್ತೆಯ ವಿಷಯ ಹೇಳಬೇಕಿತ್ತು. ಅವರ ಹೆಸರು ಗುಂಡಮ್ಮ. ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ಹೊಲ ಮನೆ ನೋಡಿಕೊಂಡು ಇದ್ದರು. ನನ್ನ ಮದುವೆಯಾಗಿ ಐದಾರು ವರ್ಷಕ್ಕೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ನಮ್ಮ ಕಡೆ ಇದಕ್ಕೆ ಮೋತಿಬಿಂದು ಎನ್ನುತ್ತಾರೆ. ಕಣ್ಣು ಹೋಗುವುದಕ್ಕೆ ಮುತ್ತಿನ ಹೆಸರಿಟ್ಟ ಪುಣ್ಯಾತ್ಮ ಯಾರೋ ತಿಳಿಯದು. ಮೊದಮೊದಲು ಅತ್ತೆ ಯಾರಿಗೂ ಹೇಳಲಿಲ್ಲ. ಒಂದು ದಿನ ಮನೆಗೆ ಬಂದ ಊರಿನ ಲೆಕ್ಕಿಗ ಪಟವಾರಿಯನ್ನು ತಮ್ಮ ಮಗನೆಂದು ತಿಳಿದು, ‘ಯಾಕ ಇಷ್ಟು ಸೊರಗೀದಿ?’ ಎಂದು ಬೆನ್ನು ಸವರಿದ ಮೇಲೆ ಸುದ್ದಿ ಚಿತ್ತಾಪುರಕ್ಕೆ ಮುಟ್ಟಿತು.

ಆಗ ಶಹಾಬಾದಿನಲ್ಲಿ ಕಣ್ಣಿನ ಡಾಕ್ಟರೊಬ್ಬರು ಆಪರೇಶನ್ ಮಾಡುತ್ತಿದ್ದರು. ನಮ್ಮ ಮನೆಯವರು ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ಮಗಳನ್ನು ಸೇಡಂನಲ್ಲಿ ಅವ್ವನ ಹತ್ತಿರ ಬಿಟ್ಟೆವು. ಡಾಕ್ಟರು ಕಣ್ಣು ನೋಡಿ, ಒಂದು ಕಣ್ಣು ಈಗ ಮಾಡೋಣ, ಆದರೆ ಎರಡಕ್ಕೂ ಪಟ್ಟಿ ಕಟ್ಟಬೇಕಾಗುತ್ತದೆ ಎಂದರು. ಆಸ್ಪತ್ರೆಯಲ್ಲಿ ಮಂಚ ಕಡಿಮೆ. ಕೆಲವು ದಿನವಾದ ಮೇಲೆ ಮಂಚ ಬಿಟ್ಟುಕೊಟ್ಟು, ಪಟ್ಟಿ ಬಿಚ್ಚುವತನಕ ಅಲ್ಲೇ ಹತ್ತಿರ ಎಲ್ಲಾದರೂ ಮನೆ ಹಿಡಿದು ಇರಬೇಕು. ಆಮೇಲೆ ಅವರು ನಿಯಮ ಹೇಳಿದರು. ಕೆಮ್ಮಬಾರದು, ಸೀನಬಾರದು, ಬಗ್ಗಬಾರದು. ಕೂಗಾಡಬಾರದು. ಅಳಬಾರದು. ಅತ್ತೆಯ ಮುಖ ಒಂದು ಗಳಿಗೆ ನೋಡಿ, ‘ನಗಬಾರದು’ ಎಂದೂ ಸೇರಿಸಿದರು. ಇಲ್ಲದಿದ್ದರೆ ಹೊಲಿಗೆ ಬಿಚ್ಚಿ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ.

‘ಹಂಗಾದ್ರ ಏನ್ ಮಾಡ್ಬೇಕ್ರಿ?’ ಎಂದು ಅತ್ತೆ ಕೇಳಿದರು.

‘ಸುಮ್ಮನೆ ಮಲಗಬೇಕು, ಅಮ್ಮಾ.’

‘ಅದನ್ನ ಸತ್ತ ಮ್ಯಾಲೆ ಮಾಡೋಳಿದ್ದೆ’ ಎಂದರು ಅತ್ತೆ. ಡಾಕ್ಟರು ನಕ್ಕರು. ಅವರಿಗೇನು, ಅವರ ಕಣ್ಣು ಚೆನ್ನಾಗಿತ್ತು.

ಆಪರೇಶನ್ನಿನ ಹಿಂದಿನ ದಿನ ನಾವು ಮನೆ ಹುಡುಕಲು ಹೊರಟೆವು. ಶಹಾಬಾದ್ ಸಣ್ಣ ಊರೇನಲ್ಲ. ನೆಲ, ಗೋಡೆ, ಮಾಳಿಗೆ ಎಲ್ಲ ಫರಸಿ ಕಲ್ಲಿನದೇ. ಊರನ್ನೇ ಒಂದು ಬಂಡೆಯಿಂದ ಕೊರೆದು ತೆಗೆದಂತೆ. ನಮ್ಮ ಮನೆಯವರಿಗೆ ಸ್ಟೇಶನ್ ಕಡೆಯ ಓಣಿಗಳು ಹಿಡಿಸಿದವು. ಶನಿವಾರ ಚಿತ್ತಾಪುರದಿಂದ ಹೊರಟು, ವಾಡಿಯಲ್ಲಿ ಗಾಡಿ ಬದಲಿಸಿ, ಇಳಿದ ಕೂಡಲೇ ಮನೆ ಸೇರಬಹುದೆಂಬುದು ಅವರ ಲೆಕ್ಕ. ಅತ್ತೆ ಓಣಿಯ ಬಾಯಲ್ಲಿ ಟಾಂಗಾ ನಿಲ್ಲಿಸಿದರು. ಅವರಿಗೆ ಆಗ ಬೆಳಕು ಕತ್ತಲೆ ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ನಿಂತರು. ಇಂಜಿನ್ನಿನ ಹೊಗೆ ಬಂತು. ಅವರು ಸೀನಿದರು. ‘ನೋಡ್ದೇನು?’ ಎಂದು ಮಗನನ್ನು ಕೇಳಿ ತಿರುಗಿ ಟಾಂಗಾ ಹತ್ತಿದರು.

ಬಜಾರಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಇತ್ತು. ‘ಜೋಳಾ ಬೀಸೋತನಕ ಅಡ್ಡಿಯಿಲ್ಲ. ಖಾರಾ ಬೀಸಿದ್ರ?’ ಎಂದು ಅತ್ತೆ ಒಳಗೆ ಕಾಲಿಡಲಿಲ್ಲ. ಊರಾಚೆಯ ಓಣಿ ಬಹಳ ಶಾಂತವಾಗಿತ್ತು. ನಾವು ಮಾತು ಮುಗಿಸಿ ಹೂಂ ಅನ್ನುವಷ್ಟರಲ್ಲಿ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸಿದರು. ಮನೆ ಅಲುಗಿತು. ಮನೆಯೊಡತಿ, ‘ದಿನಾ ಎರಡೇ ಸಲ್ರಿ’ ಎಂದಳು.

ನನಗೆ ಮನಸ್ಸಿಗೆ ಬಂದದ್ದು ಆಸ್ಪತ್ರೆಯ ಹಿಂದಿನ ಒಂದು ಮನೆ. ದೊಡ್ಡ ಕಿಟಕಿ, ಬಾಗಿಲಲ್ಲೇ ಬಾವಿ, ಸಪಾಟಾದ ರಸ್ತೆ. ಮನೆ ತೋರಿಸಿದ ಹೆಂಗಸು ಮಾತಿಗೊಮ್ಮೆ ಏನಾದರೊಂದು ಹೇಳಿ ನಗಿಸುತ್ತಿದ್ದಳು. ತನ್ನ ಗಂಡ ತಾನೇ ಕಟ್ಟಿಸಿದ ಬಾಗಿಲಿಗೆ ದಿನಾ ತಲೆ ಬಡಿಸಿಕೊಳ್ಳುವುದನ್ನು ಆಕೆ ಮಾಡಿ ತೋರಿಸಿದಾಗ ನಾನು ನೆಲಕ್ಕೆ ಕೂತು ನಕ್ಕೆ. ಅತ್ತೆಯೂ ನಕ್ಕರು. ನಕ್ಕು ಕಣ್ಣೊರೆಸಿಕೊಂಡು, ‘ಈಕಿ ಭಾಳ ಛಲೋ ಹೆಣ್ಮಗಳು. ಇಲ್ಲಿ ಬ್ಯಾಡ’ ಎಂದರು.

ಕೊನೆಗೆ ನೀಲಮ್ಮ ಎಂಬವರ ಮನೆಗೆ ಬಂದೆವು. ಗಂಡ ತೀರಿಕೊಂಡವರು. ಒಬ್ಬ ಮಗಳು, ಅದೇ ಊರಲ್ಲಿ ಬೇರೆ ಕಡೆ ಬಾಣಂತಿ. ನೀಲಮ್ಮ ಹಗಲೆಲ್ಲ ಅಲ್ಲಿರುತ್ತಿದ್ದರು. ಮುಂದಿನ ಪಡಸಾಲೆ ನಮಗೆ ಕೊಡುವುದಾಗಿ ಹೇಳಿದರು. ಅತ್ತೆ ಎಂದಿನಂತೆ ನಿಂತು, ಮೂಗೆಳೆದು, ಕಿವಿಗೊಟ್ಟು, ಆಮೇಲೆ ವಿಚಾರಣೆ ಶುರು ಮಾಡಿದರು.

‘ನಿಮ್ಮ ಓಣ್ಯಾಗ ನಗಸೋರು ಯಾರರ ಅದಾರೇನ್ರಿ?’

ನೀಲಮ್ಮ ಯೋಚಿಸಿದರು. ‘ಇಲ್ರಿ. ಒಬ್ಬಾಂವ ಇದ್ದ, ಹ್ವಾದ ವರ್ಷ ಸತ್ತ.’

‘ಜಗಳಾ?’

‘ಮೊದಲ ಇತ್ರಿ. ಈಗ ಎಲ್ಲಾರಿಗೂ ವಯಸ್ಸಾಗೇದ.’

‘ಹಾಡು ಹೇಳೋರು, ನಾಯಿ ಸಾಕಿದೋರು?’

‘ಯಾರೂ ಇಲ್ರಿ. ನಮ್ಮ ಓಣ್ಯಾಗ ಏನೂ ಇಲ್ಲ’ ಎಂದು ನೀಲಮ್ಮ ಸ್ವಲ್ಪ ನಾಚಿಕೆಯಿಂದಲೇ ಹೇಳಿದರು.

ಅತ್ತೆ ಕೊನೆಯ ಪ್ರಶ್ನೆಗೆ ದನಿ ತಗ್ಗಿಸಿದರು. ‘ಫರಸಿ ಮಲ್ಲಪ್ಪನ ಮನಿ ಇಲ್ಲಿಂದ ಎಷ್ಟು ದೂರ ಆಗ್ತದ?’

‘ಅವರದು ಊರಿನ ಆ ತುದೀಗಿ ಅದಲ್ರಿ. ಈ ಕಡಿ ಅವ್ರು ಯಾಕ ಬರ್ತಾರ?’

‘ಹಂಗಾದ್ರ ಈ ಓಣಿನೇ ಆಗ್ಲಿ’ ಎಂದರು ಅತ್ತೆ.

ಫರಸಿ ಮಲ್ಲಪ್ಪ ಅತ್ತೆಯ ಒಡಹುಟ್ಟಿದ ತಮ್ಮ. ಶಹಾಬಾದಿನಲ್ಲಿ ಕಲ್ಲಿನ ವ್ಯಾಪಾರ ಮಾಡಿ ದೊಡ್ಡ ಮನೆ ಕಟ್ಟಿದ್ದರು. ಅಂಥ ಮನೆ ಇರುವ ಊರಲ್ಲಿ ನಾವು ಪಡಸಾಲೆ ಹುಡುಕುತ್ತ ಟಾಂಗಾದಲ್ಲಿ ತಿರುಗಲು ಕಾರಣ ನನ್ನ ಮದುವೆ. ಅದು ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆ. ಎಲ್ಲೆಡೆ ಗಲಾಟೆ, ರೈಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೇಡಂನಲ್ಲಿ ಲಗ್ನ. ಮದುಮಗನ ಸೋದರಮಾವ ಮಲ್ಲಪ್ಪನವರು ಬರಬೇಕಾದ ಹೊತ್ತಿಗೆ ಬರಲಿಲ್ಲ. ಅವರು ಮಾಡಬೇಕಾದ ಶಾಸ್ತ್ರವನ್ನು ಬೇರೆ ಯಾರೋ ಮಾಡಿದರು. ಅಕ್ಷತೆ ಬಿದ್ದ ಮೇಲೆ ಅವರು ಹಂದರದ ಬಾಯಲ್ಲಿ ಬಂದು ನಿಂತರು. ಅತ್ತೆ ಎಲ್ಲರೆದುರು, ‘ಯಾಕ ಬಂದಿ?’ ಎಂದರು. ಅವರು ನಿಂತ ಕಾಲಲ್ಲೇ ತಿರುಗಿ ಹೋದರು. ಊಟ ಮಾಡಲಿಲ್ಲ. ಆಮೇಲೆ ಇಬ್ಬರೂ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದಿರಲಿಲ್ಲ. ನಾನು ಆ ಹೊತ್ತು ತಲೆ ತಗ್ಗಿಸಿ ಕೂತಿದ್ದ ಮದುಮಗಳು. ಅವರ ಪಾದ ಮಾತ್ರ ನೋಡಿದ್ದೆ. ಕಾಲಲ್ಲಿ ಕೆರ, ಚಪ್ಪಲಿ ಯಾವುದೂ ಇರಲಿಲ್ಲ.

ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಮಲಗಿಸಿದ್ದರು. ನೀಲಮ್ಮನ ಪಡಸಾಲೆಗೆ ಬಂದ ಮೇಲೂ ಅದೇ ಕ್ರಮ. ಕಿಟಕಿಯ ಪಕ್ಕ ಮಂಚ, ಕಣ್ಣಿಗೆ ಪಟ್ಟಿ, ಅಲುಗಾಡುವಂತಿಲ್ಲ. ಓಣಿ ನೀಲಮ್ಮ ಹೇಳಿದ ಹಾಗೆಯೇ ಇತ್ತು. ಅಲ್ಲಿ ಏನೂ ಆಗುತ್ತಿರಲಿಲ್ಲ. ಮಧ್ಯಾಹ್ನ ಒಂದು ಎಮ್ಮೆ ಹಾದುಹೋದರೆ ಅತ್ತೆ, ‘ಯಾರ್ದು ಅದು?’ ಎಂದು ಅದರ ವಂಶವನ್ನೆಲ್ಲ ಕೇಳುತ್ತಿದ್ದರು. ನಮ್ಮ ಮನೆಯವರು ನಮ್ಮನ್ನು ಬಿಟ್ಟು ಚಿತ್ತಾಪುರಕ್ಕೆ ಹೋದರು.

ತೊಂದರೆ ಇದ್ದದ್ದು ನೀರಿಗೆ. ಬಾವಿ ಓಣಿಯ ಕೊನೆಯಲ್ಲಿತ್ತು. ನಾನು ಕೊಡ ತೆಗೆದುಕೊಂಡು ಹೋದಾಗ ಅತ್ತೆ ತಲೆ ಎತ್ತಿದರೆ, ಬಗ್ಗಿದರೆ? ನೀಲಮ್ಮ ಅದಕ್ಕೂ ದಾರಿ ಹೇಳಿದರು. ‘ಬಾಜೂಮನಿ ಖಾದರ್ ಸಾಹೇಬ್ರಿಗಿ ಹೇಳ್ತೀನಿ. ನೀ ಬರೋತನಕ ಕಿಟಕಿ ಹೊರಗ ಕಟ್ಟಿ ಮ್ಯಾಲೆ ಕುಂದ್ರತಾರ. ಮಾತಿಲ್ಲ ಕತಿಯಿಲ್ಲ, ಭಾಳ ಸಂಭಾವಿತ ಮನಷ್ಯಾ.’

ಖಾದರ್ ಸಾಹೇಬರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಜೀವನವಿಡೀ ಬಾವುಟ ತೋರಿಸಿಯೇ ಮಾತಾಡಿದ್ದರಿಂದಲೋ ಏನೋ, ಬಾಯಿ ತೆರೆಯುವ ಅಗತ್ಯ ಅವರಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಬಿಳಿ ಗಡ್ಡ, ಹೆಗಲ ಮೇಲೆ ಹಳೆಯ ಶಾಲು. ನಶ್ಯದ ಅಭ್ಯಾಸ ಇತ್ತು. ರೋಗಿ ಸೀನಬಾರದೆಂದು ಕೇಳಿದ ಮೇಲೆ ಡಬ್ಬಿಯನ್ನು ಮನೆಯಲ್ಲೇ ಇಟ್ಟು ಬರುತ್ತಿದ್ದರು; ಶಾಲಿಗೆ ಹಿಡಿದ ವಾಸನೆ ಮಾತ್ರ ಜೊತೆಗೇ ಬರುತ್ತಿತ್ತು. ರೋಗಿಯ ಜೊತೆ ಮಾತಾಡಬೇಡಿ ಎಂದು ನಾನೇ ಹೇಳಿದ್ದೆ. ಅವರು ಕೈಯೆತ್ತಿ ಆಗಲಿ ಎಂದರು. ನಾನು ಕೊಡ ಎತ್ತಿದರೆ ಅವರು ಬಂದು ಕಟ್ಟೆಯ ಮೇಲೆ ಕೂಡುವುದು, ನಾನು ಬಂದರೆ ಎದ್ದು ಹೋಗುವುದು. ಹೀಗೆ ಕೆಲವು ದಿನ ನಡೆಯಿತು.

ಒಂದು ಮುಂಜಾನೆ ನಾನು ನೀರು ತುಂಬಿಕೊಂಡು ಬರುತ್ತಿದ್ದೆ. ಕಿಟಕಿಯ ಒಳಗಿಂದ ಅತ್ತೆಯ ದನಿ ಕೇಳಿಸಿತು. ಜೋರಿಲ್ಲ. ಡಾಕ್ಟರು ಹೇಳಿದ ಮಟ್ಟದಲ್ಲೇ, ನೆಟ್ಟಗೆ ಮಲಗಿಕೊಂಡು, ಮಾಳಿಗೆಯ ಕಲ್ಲಿಗೆ ಹೇಳುವಂತೆ ಹೇಳುತ್ತಿದ್ದರು.

‘ತಮ್ಮಾ, ನೀ ದಿನಾ ಬಂದು ಕುಂದ್ರೋದು ನನಗ ಗೊತ್ತಾಗೇದ. ನಿನ್ನ ನಶ್ಯದ ವಾಸನಿ ನನಗ ತಿಳ್ಯಂಗಿಲ್ಲೇನು? ಮಾತಾಡಬ್ಯಾಡ. ನೀ ಮಾತಾಡಿದ್ರ ನನಗ ಅಳು ಬರ್ತದ, ಅಳಬಾರ್ದು ಅಂದಾರ. ಸುಮ್ನ ಕೂತು ಕೇಳು.’

ನಾನು ಕೊಡ ಸೊಂಟದ ಮೇಲಿಟ್ಟುಕೊಂಡು ಅಲ್ಲೇ ನಿಂತೆ. ಖಾದರ್ ಸಾಹೇಬರು ನನ್ನನ್ನು ನೋಡಿ, ಬರುವ ಗಾಡಿಯನ್ನು ನಿಲ್ಲಿಸುವಂತೆ ಕೈ ಎತ್ತಿದರು.

‘ಅವತ್ತ ನೀ ಬಂದು ನಿಂತಾಗ ಒಂದು ತಂಬಿಗಿ ನೀರು ಕೊಡಬೇಕಾಗಿತ್ತು. ಯಾಕ ಬಂದಿ ಅಂದೆ. ಸಿಟ್ಟಿಂದ ಅಂದಿದ್ದಲ್ಲೋ. ಗಲಾಟ್ಯಾಗ ನಿನಗೇನರ ಆಗ್ಯಾದೋ ಏನೋ ಅಂತ ಮೂರು ದಿನದಿಂದ ಅನ್ನ ಮುಟ್ಟಿರ್ಲಿಲ್ಲ ನಾ. ನೀ ಕಣ್ಣಿಗಿ ಬಿದ್ದ ಕೂಡ್ಲೆ ಬಾಯಾಗ ಏನ್ ಬರ್ಬೇಕೋ ಅದು ಬರ್ಲಿಲ್ಲ. ನನ್ನ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ. ನನಗಂತೂ ನಿನ್ನ ಮ್ಯಾಲೆ ಏನೂ ಇಲ್ಲ. ನೀ ಎಲ್ಲಿದ್ರೂ ನನ್ನ ತಮ್ಮನೇ.’

ಆಮೇಲೆ ಅವರು ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿ ಹಸಿ ಜೋಳ ಸುಟ್ಟು ಸೀತನಿ ತಿಂದದ್ದು, ತಮ್ಮ ಬೋರೆ ಮರದಿಂದ ಬಿದ್ದಾಗ ಅಪ್ಪನಿಗೆ ಸುಳ್ಳು ಹೇಳಿದ್ದು, ಇವನ್ನೆಲ್ಲ ಹೇಳಿದರು. ಖಾದರ್ ಸಾಹೇಬರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಹೋಗುವಾಗ ಅವರ ಕಾಲು ಕೆರವನ್ನು ಹುಡುಕಿ ಹುಡುಕಿ ಸೋತಿತು.

ನಾನು ಅವರ ಬಾಗಿಲತನಕ ಹಿಂದೆ ಹೋದೆ. ನನಗೆ ಸಿಟ್ಟೇ ಬಂದಿತ್ತು ಎನ್ನಬೇಕು. ‘ನೀವು ಅವರ ತಮ್ಮ ಅಲ್ಲ ಅಂತ ಹೇಳಬೇಕಾಗಿತ್ತಲ್ರಿ’ ಎಂದೆ.

‘ಹೆಂಗ್ ಹೇಳ್ಲಿ, ಬೇಟಿ?’ ಎಂದರು ಅವರು. ಅವರ ದನಿ ನಾನು ಕೇಳಿದ್ದು ಅದೇ ಮೊದಲು. ‘ನನಗೂ ಒಬ್ಬಾಕಿ ಅಕ್ಕ ಇದ್ಲು. ಪೊಲೀಸ್ ಆ್ಯಕ್ಷನ್ ಆದ ಮ್ಯಾಲೆ ಮಕ್ಕಳ ಜೋಡಿ ಕರಾಚಿಗಿ ಹೊಂಟ್ಲು. ಹೋಗಬ್ಯಾಡ ಅಂದೆ. ಆಕಿ ಕೇಳ್ಲಿಲ್ಲ. ಇದೇ ಸ್ಟೇಶನ್ನಿಂದ ಬೊಂಬಾಯಿ ಗಾಡಿ ಹತ್ತಿದ್ಲು. ನಾ ಅದೆಷ್ಟು ಮಂದೀಗಿ ಆ ಪ್ಲಾಟ್‌ಫಾರ್ಮ್ ಮ್ಯಾಲಿಂದ ಹಸರು ಝಂಡಾ ತೋರಿಸಿ ಕಳಿಸೀನಿ. ಅವತ್ತ ಸಿಟ್ಟು ಮಾಡಿ ಮನ್ಯಾಗೇ ಕೂತೆ. ಅವಾಗಿಂದ ಆಕಿದು ಒಂದು ಸುದ್ದಿ ಇಲ್ಲ. ಈಗ ಒಬ್ಬಾಕಿ ಕಣ್ಣು ಕಟ್ಕೊಂಡು, ತಮ್ಮಾ, ನನಗ ನಿನ್ನ ಮ್ಯಾಲೆ ಏನೂ ಇಲ್ಲ ಅಂತಾಳ. ನಾ ಅಂವ ಅಲ್ಲ ಅಂತ ಹೆಂಗ್ ಅನ್ಲಿ?’

 ‘ನಾಳೆ ನೀರಿಗೆ ಹೋಗೋವಾಗ ಬರ್ತೀರೇನ್ರಿ?’ ಎಂದು ಕೇಳಿ ಬಂದೆ.

ಶನಿವಾರ ನಮ್ಮ ಮನೆಯವರು ಬಂದರು. ನಾನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಕಚೇರಿಯಲ್ಲಿ ಯಾವ ಅರ್ಜಿ ಬಂದರೂ ಅವರು ಮೊದಲು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು. ಇಲ್ಲಿಯೂ ಹಾಗೇ ಮಾಡಿದರು. ಆಮೇಲೆ ಲೆಕ್ಕ ಹಾಕಿದರು: ಅವ್ವನಿಗೆ ನಿಜ ಹೇಳಿದರೆ ಅಳುತ್ತಾಳೆ, ಕಣ್ಣು ಹೋಗುತ್ತದೆ. ಹೇಳದೆ ಬಿಟ್ಟರೆ ಪಟ್ಟಿ ಬಿಚ್ಚಿದ ದಿನ ನೋಡುತ್ತಾಳೆ, ಆಗ ಅಳುತ್ತಾಳೆ, ಕಣ್ಣು ಹೋಗುತ್ತದೆ. ‘ಹಂಗಾದ್ರ ಮಾವನ್ನೇ ಕರ್ಕೊಂಡು ಬರಬೇಕು’ ಎಂದರು ಕೊನೆಗೆ. ಆದರೆ ಕರೆಯುವ ಧೈರ್ಯ ಅವರಿಗಿರಲಿಲ್ಲ. ಅವರು ಅತ್ತೆಯ ಹತ್ತಿರ ಕೂತರು, ನಾನು ಊರಿನ ಆ ತುದಿಗೆ ಹೋದೆ.

ಮಲ್ಲಪ್ಪ ಮಾವ ಅಂಗಳದಲ್ಲಿ ಫರಸಿಯ ರಾಶಿಯ ನಡುವೆ ನಿಂತಿದ್ದರು. ಎತ್ತರದ ಆಳು. ನನ್ನನ್ನು ಗುರುತಿಸಿ, ‘ಕುಂದ್ರವ್ವ’ ಎಂದು ಕಲ್ಲಿನ ಮೇಲೆ ತಮ್ಮ ಹೆಗಲ ವಸ್ತ್ರ ಹಾಸಿದರು. ಅಕ್ಕ ಊರಲ್ಲಿರುವುದು ಅವರಿಗೆ ಗೊತ್ತಿತ್ತು.

‘ಆಕಿ ಕರದ್ಲೇನು?’ ಎಂದರು.

‘ಇಲ್ರಿ, ಮಾವಾ.’

‘ಮತ್ತ? ಅವತ್ತ ವಾಡಿಗಿ ರೈಲು ನಿಂತು ಹ್ವಾದ್ವು. ಹಳಿ ಹಿಡ್ಕೊಂಡು ಸೇಡಂ ತನಕ ನಡ್ಕೊಂಡು ಬಂದೆ ನಾ. ಕೆರಾ ಹರದು ದಾರ್ಯಾಗ ಬಿಟ್ಟೆ. ಯಾಕ ತಡಾ ಆಯ್ತು ಅಂತ ಕೇಳಿದ್ರ ಹೇಳ್ತಿದ್ದೆ. ಯಾಕ ಬಂದಿ ಅಂದ್ಲು. ಅದಕ್ಕ ನನ್ನ ಹತ್ರ ಜವಾಬು ಇರ್ಲಿಲ್ಲ.’

ನಾನು ಕಿಟಕಿಯ ಮಾತನ್ನೆಲ್ಲ ಹೇಳಿದೆ. ಅನ್ನ ಮುಟ್ಟದೆ ಇದ್ದದ್ದು, ತಂಬಿಗೆ ನೀರು, ಬೋರೆ ಮರ. ಅವರು ಮುಖ ತಿರುಗಿಸಿಕೊಂಡು ಒಂದು ಕಲ್ಲಿನ ಅಂಚನ್ನು ಸವರುತ್ತ ಕೇಳಿದರು. ಆಮೇಲೆ ಒಮ್ಮೆಲೇ ತಿರುಗಿದರು.

‘ಇದೆಲ್ಲಾ ಯಾರಿಗಿ ಹೇಳಿದ್ಲು?’

‘ಬಾಜೂಮನಿ ಗಾರ್ಡ್ ಸಾಹೇಬ್ರಿಗಿ.’

‘ನನಗ ಹೇಳಬೇಕಾದ್ದು ಇನ್ನೊಬ್ಬನಿಗಿ ಹೇಳ್ಯಾಳ?’

‘ಹೌದ್ರಿ.’

‘ಎಲ್ಲಾ ಹೇಳಿ ಮುಗಿಸ್ಯಾಳೇನು?’

‘ಇನ್ನಾ ಸ್ವಲ್ಪ ಉಳದಿರಬೇಕ್ರಿ’ ಎಂದೆ.

‘ನಡಿ ಮತ್ತ’ ಎಂದು ಅವರು ಗೂಟದ ಮೇಲಿನ ರುಮಾಲು ತೆಗೆದರು.

ದಾರಿಯುದ್ದಕ್ಕೂ ನಾನು ಅವರಿಗೆ ಡಾಕ್ಟರ ನಿಯಮಗಳನ್ನು ಹೇಳಿದೆ. ಮಾತಾಡುವಂತಿಲ್ಲ, ಅಳಿಸುವಂತಿಲ್ಲ, ನಗಿಸುವಂತಿಲ್ಲ. ಅವರು ಎಲ್ಲದಕ್ಕೂ ಹೂಂ ಎಂದರು. ಒಳಗೆ ಮಗನಿದ್ದರೂ ಕಟ್ಟೆಯ ಮೇಲೆ ಖಾದರ್ ಸಾಹೇಬರು ಕೂತಿದ್ದರು. ಮಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. ಖಾದರ್ ಸಾಹೇಬರು ಸರಿದು ಜಾಗ ಮಾಡಿಕೊಟ್ಟರು. ಮಾವ ಕೂತರು.

‘ಇವತ್ತ ಕಟ್ಟಿ ಮ್ಯಾಲೆ ಇಬ್ಬರು ಅದಾರಲ್ಲ’ ಎಂದರು ಅತ್ತೆ ಒಳಗಿನಿಂದ.

‘ಒಬ್ಬರು ನಿಮ್ಮ ತಮ್ಮ, ಒಬ್ಬರು ಬಾಜೂಮನಿಯವರು’ ಎಂದೆ. ಇದರಲ್ಲಿ ಸುಳ್ಳು ಯಾವುದೂ ಇರಲಿಲ್ಲ.

‘ಬಾಜೂಮನಿಯವರಿಗಿ ಚಾ ಕೊಡು. ತಮ್ಮಂದು ಆಮ್ಯಾಲೆ ನೋಡೋಣ’ ಎಂದು ಅತ್ತೆ ಮತ್ತೆ ಮಾಳಿಗೆಯ ಕಡೆಗೆ ಮಾತು ಶುರು ಮಾಡಿದರು. ತಾಯಿ ಸಾಯುವಾಗ ತಮ್ಮನ ಕೈಯನ್ನು ಅಕ್ಕನ ಕೈಯಲ್ಲಿಟ್ಟದ್ದನ್ನು ಹೇಳಿದರು. ಅದು ನಾನೂ ಕೇಳಿರದ ಸಂಗತಿ. ಮಾವ ನಿಯಮ ಪಾಲಿಸಿದರು; ಒಂದು ಸದ್ದೂ ಹೊರಡಲಿಲ್ಲ, ಕಣ್ಣೀರು ಮಾತ್ರ ಮೀಸೆ ದಾಟಿ ಇಳಿಯುತ್ತಿತ್ತು. ಖಾದರ್ ಸಾಹೇಬರು ತಮ್ಮ ಶಾಲಿನ ತುದಿಯನ್ನು ಅವರ ಕೈಗೆ ಕೊಟ್ಟರು. ಆ ದಿನದಿಂದ ಇಬ್ಬರೂ ಒಟ್ಟಿಗೇ ಕೂಡತೊಡಗಿದರು. ಊರಿನ ಆ ತುದಿಯಿಂದ ಬರುವವರು ಯಾವಾಗಲೂ ಮೊದಲೇ ಬಂದಿರುತ್ತಿದ್ದರು.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ನಾನು, ನಮ್ಮ ಮನೆಯವರು, ಮಾವ ಮೂವರೂ ಇದ್ದೆವು. ಡಾಕ್ಟರು ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಹಾಕಿದರು. ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮನನ್ನು ಬಹಳ ಹೊತ್ತು ನೋಡಿದರು.

‘ಭಾಳ ಮುದುಕ ಆಗೀದಿ’ ಎಂದರು.

‘ಹೂಂ’ ಎಂದರು ಮಾವ. ಮಾತಾಡಬಹುದೇ ಎಂದು ನನ್ನ ಮುಖ ನೋಡಿದರು.

ಅತ್ತೆ ಮೂಗೆಳೆದರು. ಮತ್ತೊಮ್ಮೆ ಎಳೆದರು. ‘ನಶ್ಯಾ ಎಲ್ಲಿ?’

‘ಬಿಟ್ಟು ಎಷ್ಟೋ ವರ್ಷ ಆಯ್ತಲ್ಲಾ, ಅಕ್ಕಾ.’

 ಅತ್ತೆ ಟಾಂಗಾದಲ್ಲಿ ಓಣಿಗೆ ಬರುವತನಕ ಹೊರಗಿನದನ್ನೆಲ್ಲ ನೋಡುತ್ತ ಬಂದರು, ಆದರೆ ಅದು ನೋಡುವವರ ಮುಖವಾಗಿರಲಿಲ್ಲ. ಕಟ್ಟೆಯ ಮೇಲೆ ಖಾದರ್ ಸಾಹೇಬರು ಎದ್ದು ನಿಂತಿದ್ದರು. ಅತ್ತೆ ಇಳಿದು, ನಿಂತು, ಆ ಶಾಲಿನ ನಶ್ಯದ ವಾಸನೆ ಬಂದ ಕಡೆ ತಿರುಗಿದರು.  ಡಾಕ್ಟರ ನಿಯಮ ಇನ್ನೂ ಜಾರಿಯಲ್ಲಿತ್ತು.

ಅವರು ಸೆರಗು ತಲೆಯ ಮೇಲೆ ಎಳೆದುಕೊಂಡರು. ‘ನಾ ಇಷ್ಟು ದಿನಾ ನಿಮ್ಮ ಜೋಡಿ ಮಾತಾಡೀನೇನ್ರಿ?’

‘ಹೌದು, ಅಕ್ಕಾ’ ಎಂದರು ಖಾದರ್ ಸಾಹೇಬರು. ‘ಹೇಳಬೇಕಾಗಿತ್ತು. ಮಾಫ್ ಮಾಡ್ರಿ.’

‘ಮಾಡೀನಲ್ಲ’ ಎಂದರು ಅತ್ತೆ. ‘ಎಷ್ಟು ಸಲಾ ಮಾಡ್ಲಿ?’ ಆಮೇಲೆ, ‘ನಿಮಗ ವಯಸ್ಸೆಷ್ಟು?’ ಎಂದು ಕೇಳಿದರು. ಅವರು ಹೇಳಿದರು. ಅತ್ತೆಗಿಂತ ದೊಡ್ಡವರೇ. ‘ಇರ್ಲಿ. ತಮ್ಮಾ ಅಂದಿದ್ದು ಅಂದಾಯ್ತು. ಅಂದದ್ದನ್ನ ನಾ ವಾಪಸ್ ತಗೊಳ್ಳಂಗಿಲ್ಲ’ ಎಂದು ಒಳಗೆ ಹೋಗಿ ಮಂಚದ ಮೇಲೆ ಕೂತರು. ಅತ್ತರೋ ಎಂದು ನಾನು ಬಗ್ಗಿ ನೋಡಿದೆ. ಇಲ್ಲ. ‘ನೀಲಮ್ಮನ ಗ್ವಾಡಿಗಿ ಸುಣ್ಣಾನೇ ಇಲ್ಲಲ್ಲ’ ಎಂದರು.

ಇನ್ನುಳಿದ ದಿನವಾದರೂ ತಮ್ಮ ಮನೆಗೆ ಬಾ ಎಂದು ಮಾವ ಕರೆದರು. ಅಲ್ಲಿ ಕಲ್ಲು ಕಡಿಯುವ ಸಪ್ಪಳ, ಈ ಓಣಿಯೇ ವಾಸಿ ಎಂದು ಅತ್ತೆ ಒಪ್ಪಲಿಲ್ಲ. ಸಪ್ಪಳ ಎಷ್ಟಿತ್ತೆಂಬುದನ್ನು ಅವರು ಹೋಗಿ ಕೇಳಿರಲಿಲ್ಲ. ಮಾವನೇ ದಿನಾ ಬಂದು ಹೋದರು.

ಮುಂದಿನ ನಾಗರ ಪಂಚಮಿಗೆ ಮಾವ ತಾವೇ ಐನಾಪುರಕ್ಕೆ ಬಂದು ಅಕ್ಕನನ್ನು ಹಬ್ಬಕ್ಕೆ ಕರೆದೊಯ್ದರು. ಜೊತೆಗೆ ನಾನೂ ಹೋದೆ. ಸೀರೆ, ಖಣ, ಬಳೆ ಎಲ್ಲ ಆಯಿತು. ಮರುದಿನ ಅತ್ತೆ ಟಾಂಗಾ ತರಿಸಿ ನೀಲಮ್ಮನ ಓಣಿಗೆ ನಡೆ ಎಂದರು. ಖಾದರ್ ಸಾಹೇಬರು ನಮ್ಮನ್ನು ಕೂಡಿಸಿ, ಒಳಗೆ ಹೋಗಿ, ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಗಂಟು ತಂದು ಅತ್ತೆಯ ಮುಂದಿಟ್ಟರು. ‘ನಮ್ಮಲ್ಲಿ ಈ ಹಬ್ಬ ಇಲ್ಲ. ಅಕ್ಕಗ ಏನ್ ಕೊಡ್ತಾರ ಅಂತ ದುಕಾನದಾಗ ಕೇಳಿದೆ. ಅಂವ ಇದು ಅಂದ.’ ಬಿಚ್ಚಿದರೆ ಕುಬುಸದ ಖಣ. ನೇರಳೆ ಹಣ್ಣಿನ ಬಣ್ಣ, ಕಿತ್ತಳೆ ಅಂಚು. ಅಂಥ ಬಣ್ಣವನ್ನು ನಮ್ಮ ಮನೆಯಲ್ಲಿ ಯಾರೂ ಉಟ್ಟವರಲ್ಲ, ತೊಟ್ಟವರಲ್ಲ.

ಊರಿಗೆ ಬಂದ ಮೇಲೆ ಮಾವ ಕೊಟ್ಟ ಖಣವನ್ನು ಅತ್ತೆ ದೀಪಾವಳಿಗೆಂದು ಟ್ರಂಕಿನಲ್ಲಿಟ್ಟು, ಈ ಖಣವನ್ನು ಸಿಂಪಿಗನ ಕೈಗೆ ಕೊಟ್ಟರು. ಅವನು ಹೊಲಿದು ತಂದು, ‘ಇದಕ್ಕ ನಿಮ್ಮ ಯಾವ ಸೀರಿನೂ ಹೊಂದಂಗಿಲ್ರಿ, ಗೌಡಸಾನಿ’ ಎಂದ. ‘ಹಂಗಾದ್ರ ಹೊಂದೋ ಸೀರಿ ತರಸ್ತೀನಿ’ ಎಂದರು ಅತ್ತೆ. ನಮ್ಮ ಮನೆಯವರು ಕುಬುಸವನ್ನು ಚೀಲದಲ್ಲಿಟ್ಟುಕೊಂಡು ಚಿತ್ತಾಪುರದ ಅಂಗಡಿಗಳನ್ನೆಲ್ಲ ತಿರುಗಿದರು. ಕೊನೆಗೆ ಸೇಡಂನಲ್ಲಿ ಒಂದು ಸೀರೆ ಸಿಕ್ಕಿತು. ಅತ್ತೆ ಅದನ್ನೂ ಕುಬುಸವನ್ನೂ ಅಂಗಳಕ್ಕೆ ಒಯ್ದು, ಬಿಸಿಲಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ ಎರಡನ್ನೂ ಬಹಳ ಹೊತ್ತು ನೋಡಿದರು.

‘ಹೊಂದ್ತದ’ ಎಂದರು.